ಅಡುಗೂಲಜ್ಜಿಯ ಕಥೆಗಳು: ಹುಟ್ಟು ಮತ್ತು ಪರಿವರ್ತನೆ

ನಂಬಲಾಗದ ಮಾತನ್ನು ಯಾರಾದರೂ ಆಡಿದರೆ “ಅಡುಗೂಲಜ್ಜಿಯ ಕಥೆ ಹೇಳಬೇಡ” ಎಂದು ಗದರಿಸುವುದು ಕನ್ನಡಿಗರ ವಾಡಿಕೆ. ಮಾತು ಎಲ್ಲರ ನಾಲಗೆಯ ಮೇಲೂ ಇದೆ. ಆದರೆ ಈ ಅಜ್ಜಿ ಯಾರು, ಕಥೆಗಳಿಗೆ ಆಕೆಯ ಹೆಸರೇ ಏಕೆ ಬಂದಿತು ಎಂದು ವಿಚಾರಿಸುವವರು ವಿರಳ. ‘ಅಡು’ ಎಂದರೆ ಬೇಯಿಸು, ‘ಕೂಳು’ ಎಂದರೆ ಅನ್ನ. ದಾರಿಹೋಕರಿಗೆ ಅನ್ನ ಬೇಯಿಸಿ ಬಡಿಸಿ, ಅವರು ಕೊಟ್ಟ ಕಾಸಿನಿಂದ ಜೀವನ ಸಾಗಿಸುವ ಮುದುಕಿಯೇ ಅಡುಗೂಲಜ್ಜಿ. ಕಥೆಯ ರಾಜಕುಮಾರನು ಗುರುತು ಪರಿಚಯವಿಲ್ಲದ ಪಟ್ಟಣವನ್ನು ಸೇರುವಾಗ ಹೊತ್ತು ಮುಳುಗಿರುತ್ತದೆ. ಊರ ಅಂಚಿನಲ್ಲಿ ಆಕೆಯ ಗುಡಿಸಲಿನ ದೀಪ ಕಾಣುತ್ತದೆ. ರಾಜಕುಮಾರಿಯ ಪಣವೇನು, ಊರನ್ನು ಕಾಡುವ ರಾಕ್ಷಸನು ಎಲ್ಲಿರುವನು ಎಂಬ ಸುದ್ದಿಯೆಲ್ಲವೂ ಅಲ್ಲಿ ಉಂಡು ಮಲಗಿದವನಿಗೆ ಆಕೆಯ ಬಾಯಿಂದಲೇ ತಿಳಿಯಬೇಕು. ತೆಲುಗರಲ್ಲಿ ಇಂಥವಳನ್ನು ಪೂಟಕೂಳ್ಳಮ್ಮ ಎನ್ನುವರು. ಅಲ್ಲಿಯೂ ಅದೇ ಕೂಳು, ಅದೇ ಒಲೆ.

ಬಹಳ ಕಾಲ ಇದೇ ಪುಣೆಯಲ್ಲಿ ಹೋಟೆಲಿನ ಗಲ್ಲಾದ ಹಿಂದೆ ಕುಳಿತು, ಆಮೇಲೆ ಪತ್ರಿಕೆಯ ಮೇಜಿಗೆ ಬಂದ ನಮಗೆ ಈ ಅಜ್ಜಿಯ ಮೇಲೆ ತುಸು ಹೆಚ್ಚು ಅಭಿಮಾನವಿದ್ದರೆ ವಾಚಕರು ಮನ್ನಿಸಬೇಕು. ಆಕೆ ನಮ್ಮ ವೃತ್ತಿಯವಳು. ಪಾಶ್ಚಾತ್ಯರು ಇಂಥ ಕಥೆಗಳಿಗೆ ಕಿನ್ನರಿಯರ ಹೆಸರನ್ನಿಟ್ಟರು. ೧೬೯೭ರಲ್ಲಿ ಫ್ರಾನ್ಸಿನ ಮದಾಮ್ ದೊಲ್ನುವಾ ಎಂಬ ಲೇಖಕಿಯು ತನ್ನ ಸಂಗ್ರಹಕ್ಕೆ ಆ ಹೆಸರನ್ನು ಕೊಟ್ಟಿದ್ದಳು. ಕಥೆಯಲ್ಲಿ ಕಿನ್ನರಿ ಇರಲಿ ಇಲ್ಲದಿರಲಿ, ಮುಂದೆ ಅದೇ ರೂಢಿಯಾಯಿತು. ಕನ್ನಡವಾದರೋ ಅನ್ನ ಬಡಿಸುವವಳ ಹೆಸರನ್ನಿಟ್ಟಿತು. ಎರಡರಲ್ಲಿ ನಮ್ಮ ಹಿರಿಯರ ಹೆಸರೇ ಹೆಚ್ಚು ಅರ್ಥವತ್ತಾದುದೆಂದು ನಮಗೆ ತೋರುತ್ತದೆ. ಕಥೆ ಎಲ್ಲಿ ಹುಟ್ಟಿತು, ಏಕೆ ಬದಲಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ದಾರಿಯ ಬದಿಯ ಆ ಗುಡಿಸಲಿನಲ್ಲಿಯೇ ಅರ್ಧ ಉತ್ತರ ದೊರೆಯುತ್ತದೆ.

ಕಥೆಯ ತವರು ಯಾವುದು?

ನಮ್ಮ ನಾಡಿನ ಕಥೆಗಳ ಮೂಲವನ್ನು ಹುಡುಕಹೊರಟವರು ಬಹುತೇಕ ಗುಣಾಢ್ಯನ ಬಾಗಿಲಿಗೆ ಬಂದು ನಿಲ್ಲುವರು. ಗೋದಾವರಿಯ ದಡದಲ್ಲಿ ಇಂದು ಪೈಠಣವೆನಿಸಿರುವ ಪ್ರತಿಷ್ಠಾನದ ಸಾತವಾಹನ ದೊರೆಯ ಆಸ್ಥಾನದಲ್ಲಿ ಆತನಿದ್ದನೆಂದು ಐತಿಹ್ಯ. ಪೈಶಾಚಿಯೆಂಬ ಜನರ ನುಡಿಯಲ್ಲಿ ಏಳು ಲಕ್ಷ ಪದ್ಯಗಳ ಬೃಹತ್ಕಥೆಯನ್ನು ಆತನು ರಚಿಸಿದಾಗ, ಭಾಷೆ ಒರಟೆಂದು ರಾಜನು ಅದನ್ನು ತಿರಸ್ಕರಿಸಿದನಂತೆ. ಮನನೊಂದ ಕವಿಯು ಕಾಡಿನಲ್ಲಿ ಬೆಂಕಿ ಹೊತ್ತಿಸಿ, ಮೃಗಪಕ್ಷಿಗಳಿಗೆ ಒಂದೊಂದೇ ಹಾಳೆ ಓದಿ ಹೇಳುತ್ತ ಬೆಂಕಿಗೆ ಹಾಕತೊಡಗಿದನು. ರಾಜನಿಗೆ ಬುದ್ಧಿ ಬಂದು ಓಡಿ ಬರುವಷ್ಟರಲ್ಲಿ ಉಳಿದುದು ಒಂದೇ ಲಕ್ಷ. ಅದೂ ನಮಗೆ ಮೂಲರೂಪದಲ್ಲಿ ದಕ್ಕಿಲ್ಲ. ಆದರೆ ಕಥೆಗಳು ಸುಡಲಿಲ್ಲ. ಗಂಗರ ದುರ್ವಿನೀತನು ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶಾಸನಗಳು ಹೇಳುತ್ತವೆ. ಹನ್ನೊಂದನೆಯ ಶತಮಾನದಲ್ಲಿ ದೂರದ ಕಾಶ್ಮೀರದಲ್ಲಿ ಸೋಮದೇವನು ಅದನ್ನೇ ‘ಕಥಾಸರಿತ್ಸಾಗರ’ವಾಗಿಸಿದನು. ಅದೇ ಶತಮಾನದಲ್ಲಿ, ೧೦೩೧ರ ಸುಮಾರಿಗೆ, ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ನಮ್ಮ ದುರ್ಗಸಿಂಹನು ಕನ್ನಡದಲ್ಲಿ ‘ಪಂಚತಂತ್ರ’ವನ್ನು ಬರೆದನು.

ಈ ದುರ್ಗಸಿಂಹನು ಎಲ್ಲರಿಗೂ ಪರಿಚಿತನಾದ ವಿಷ್ಣುಶರ್ಮನನ್ನು ಅನುಸರಿಸದೆ ವಸುಭಾಗಭಟ್ಟನ ಪಾಠವನ್ನು ಹಿಡಿದನು. ಆ ಪಾಠದ ಬಳಗದ ಕಥೆಗಳೇ ಸಮುದ್ರ ದಾಟಿ ಜಾವಾ ದ್ವೀಪದವರೆಗೆ ಹೋಗಿವೆ. ಪಂಚತಂತ್ರದ ಇನ್ನೊಂದು ಕವಲು ಆರನೆಯ ಶತಮಾನದಲ್ಲಿಯೇ ಪರ್ಷಿಯಾದ ದೊರೆ ಅನುಶೀರ್ವಾನನ ಆಸ್ಥಾನವನ್ನು ಸೇರಿ, ಎಂಟನೆಯ ಶತಮಾನದಲ್ಲಿ ಅರಬಿಯ ‘ಕಲೀಲಾ ಮತ್ತು ದಿಮ್ನಾ’ ಆಗಿ, ಅಲ್ಲಿಂದ ಯುರೋಪಿನ ಭಾಷೆಗಳಿಗೆ ಹರಿಯಿತು. ಇದನ್ನು ಕಂಡು ಜರ್ಮನಿಯ ಬೆನ್ಫಿ ಎಂಬ ಪಂಡಿತನು ೧೮೫೯ರಲ್ಲಿ ಯುರೋಪಿನ ಕಥೆಗಳಲ್ಲಿ ಹೆಚ್ಚಿನವುಗಳ ತವರು ಭಾರತವೇ ಎಂದು ಸಾರಿದನು. ಕೇಳಲು ನಮಗೆ ಹಿತವಾದ ಮಾತೇ ಸರಿ. ಆದರೆ ಸತ್ಯವು ಅಷ್ಟು ಸರಳವಲ್ಲ.

ರಾಕ್ಷಸನ ಪ್ರಾಣವು ಏಳು ಸಮುದ್ರದಾಚೆ ಪಂಜರದ ಗಿಳಿಯಲ್ಲಿರುವ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ರಷ್ಯದಲ್ಲಿ ಕೊಶ್ಚೇಯ್ ಎಂಬ ಮಾಯಾವಿಯ ಪ್ರಾಣವು ಸೂಜಿಯಲ್ಲಿ. ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ. ನಾರ್ವೆಯ ದೈತ್ಯನ ಹೃದಯವೂ ದೂರದ ದ್ವೀಪವೊಂದರ ಬಾವಿಯ ಬಾತುಕೋಳಿಯ ಮೊಟ್ಟೆಯಲ್ಲಿದೆ. ಇವೆರಡಕ್ಕಿಂತಲೂ ಹಿಂದೆ, ಇಂದಿಗೆ ಮೂರು ಸಾವಿರ ವರ್ಷಗಳಿಗೂ ಮುನ್ನ, ಈಜಿಪ್ತಿನಲ್ಲಿ ಬರೆದಿಟ್ಟ ಇಬ್ಬರು ಸೋದರರ ಕಥೆಯಲ್ಲಿ ತಮ್ಮನು ತನ್ನ ಹೃದಯವನ್ನು ಮರದ ತುದಿಯ ಹೂವಿನಲ್ಲಿ ಅಡಗಿಸಿಡುತ್ತಾನೆ. ಯಾರು ಯಾರಿಂದ ಕಲಿತರು? ೨೦೧೬ರಲ್ಲಿ ಇಬ್ಬರು ಸಂಶೋಧಕರು ಜೀವಶಾಸ್ತ್ರದಲ್ಲಿ ವಂಶವೃಕ್ಷ ಕಟ್ಟುವ ಕ್ರಮವನ್ನೇ ಕಥೆಗಳಿಗೂ ಅನ್ವಯಿಸಿ, ಕಮ್ಮಾರನೊಬ್ಬನು ಪಿಶಾಚಿಯನ್ನು ವಂಚಿಸುವ ಕಥೆಗೆ ಸುಮಾರು ಆರು ಸಾವಿರ ವರ್ಷ ವಯಸ್ಸಾಗಿರಬಹುದೆಂದು ಲೆಕ್ಕ ಹಾಕಿದರು. ಅಕ್ಷರ ಹುಟ್ಟುವ ಮೊದಲೇ ಇದ್ದ ವಸ್ತುವಿಗೆ ಜನ್ಮಪತ್ರಿಕೆ ಬರೆಯುವುದು ಸುಲಭವಲ್ಲ. ವ್ಯಾಪಾರಿಯ ಗಾಡಿಯಲ್ಲಿ, ಸೈನಿಕನ ಬಿಡಾರದಲ್ಲಿ, ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣಿನ ಮಡಿಲಲ್ಲಿ ಕಥೆ ಹೋಗಿದೆ, ಬಂದಿದೆ. ಅಡುಗೂಲಜ್ಜಿಯು ಅತಿಥಿಗೆ ಊರು ಯಾವುದೆಂದು ಕೇಳಿದರೂ, ಅನ್ನ ಬಡಿಸಿದ ಮೇಲೆಯೇ ಕೇಳುವಳು.

ಪುಣೆಯ ಒಬ್ಬ ಆಯಾ

ದೂರದ ದೇಶಗಳ ಮಾತೇಕೆ? ನಮ್ಮ ಪುಣೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ವಾಚಕರ ಮುಂದಿಡುವೆವು. ೧೮೬೨ರಿಂದ ೧೮೬೭ರವರೆಗೆ ಮುಂಬಯಿ ಇಲಾಖೆಯ ಗವರ್ನರನಾಗಿದ್ದವನು ಸರ್ ಬಾರ್ಟ್ಲ್ ಫ್ರಿಯರ್. ಇಂದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವಾಗಿರುವ ಗಣೇಶಖಿಂಡದ ಭವನದ ಕೆಲಸವು ಆರಂಭವಾದುದು ಈತನ ಕಾಲದಲ್ಲಿ. ೧೮೬೫ರ ಡಿಸೆಂಬರಿನಲ್ಲಿ ಆತನು ಪುಣೆಯಿಂದ ಹೊರಟು ಸಾತಾರಾ, ಕೊಲ್ಲಾಪುರ, ಬೆಳಗಾವಿ, ಧಾರವಾಡ, ಬಿಜಾಪುರ, ಸೊಲ್ಲಾಪುರಗಳ ಮಾರ್ಗವಾಗಿ ಪ್ರವಾಸ ಮಾಡಿ ಮರಳಿ ಪುಣೆಗೆ ಬಂದನು. ಜೊತೆಯಲ್ಲಿ ಇಪ್ಪತ್ತರ ಹರೆಯದ ಮಗಳು ಮೇರಿ. ಬಿಡಾರದಲ್ಲಿ ನೂರಾರು ಜನರಿದ್ದರೂ ಆಕೆಗೆ ಜೊತೆಯಾಗಬಲ್ಲ ಬೇರೆ ಹೆಂಗಸರಿರಲಿಲ್ಲ. ಬೇಸರ ಕಳೆಯಲು ತನ್ನ ಆಯಾಳನ್ನು ಕಥೆ ಹೇಳೆಂದು ಆಕೆ ಕೇಳಿದಳು.

ಆ ಆಯಾಳ ಹೆಸರು ಅನ್ನಾ ಲಿಬೆರಾಟಾ ಡಿಸೋಜಾ. ಆಕೆಯೇ ಹೇಳಿಕೊಂಡಂತೆ, ಅಜ್ಜನ ಮನೆತನ ಲಿಂಗಾಯತರದು. ಕಲ್ಲಿಕೋಟೆಯಲ್ಲಿದ್ದವರು ಗೋವೆಯ ಬಳಿಗೆ ಬಂದು ನೆಲೆಸಿ ಅಲ್ಲಿ ಕ್ರೈಸ್ತರಾದರು. ಅಜ್ಜನು ಇಂಗ್ಲಿಷರ ಸೈನ್ಯದಲ್ಲಿ ಹವಾಲ್ದಾರನಾಗಿ, ೧೮೧೭ರಲ್ಲಿ ಪುಣೆಯ ಬಳಿ ನಡೆದ ಖಡಕಿಯ ಯುದ್ಧದಲ್ಲಿ ಹೋರಾಡಿದನು. ಸೈನ್ಯದ ಹಿಂದೆ ಊರೂರು ಅಲೆದ ಅಜ್ಜಿಯೇ ಅನ್ನಾಳಿಗೆ ಕಥೆಗಳ ಗಣಿ. ಅನ್ನಾ ಹೇಳಿದುದನ್ನು ಮೇರಿ ಬರೆದುಕೊಂಡು, ತಪ್ಪಿದೆಯೇ ಎಂದು ಆಕೆಗೇ ಓದಿ ತೋರಿಸಿ, ೧೮೬೮ರಲ್ಲಿ ‘ಓಲ್ಡ್ ಡೆಕನ್ ಡೇಸ್’ ಎಂಬ ಪುಸ್ತಕವನ್ನು ಪ್ರಕಟಿಸಿದಳು. ಭಾರತೀಯರ ಬಾಯಿಂದ ನೇರವಾಗಿ ಕೇಳಿ ಇಂಗ್ಲಿಷಿನಲ್ಲಿ ಸಂಗ್ರಹಿಸಿದ ಕಥೆಗಳ ಪುಸ್ತಕಗಳಲ್ಲಿ ಇದು ಮೊದಲಿನ ಸಾಲಿನದು. ಹೇಳಿದವಳ ಜೀವನವೃತ್ತಾಂತವೂ ಅದರಲ್ಲಿ ಸೇರಿರುವುದು ಆ ಕಾಲಕ್ಕೆ ಅಪೂರ್ವ.

ಪುಸ್ತಕದ ಮೊದಲ ಕಥೆಯೇ ನಮ್ಮ ಗಿಳಿಯ ಕಥೆ! ಪಂಚ್‌ಕಿನ್ ಎಂಬ ಮಾಯಾವಿ ಸೆರೆಹಿಡಿದ ತಾಯಿಯನ್ನು ಬಿಡಿಸಲು ಮಗನು ಬರುತ್ತಾನೆ. ಅವನಿಗೆ ಆಶ್ರಯ ಕೊಡುವವಳು ಅಡುಗೂಲಜ್ಜಿಯಲ್ಲ, ತೋಟದ ಮಾಲಿಯ ಹೆಂಡತಿ. ಏಳು ಸಮುದ್ರಗಳ ಬದಲು ತಾಳೆಮರಗಳ ವರ್ತುಲದ ನಡುವೆ ಒಂದರ ಮೇಲೊಂದು ಪೇರಿಸಿದ ಆರು ನೀರಿನ ಕೊಡಗಳು. ಆರನೆಯದರ ಕೆಳಗೆ ಪಂಜರ. ಪಂಜರದಲ್ಲಿ ಹಸಿರು ಗಿಳಿ. ಗಿಳಿಯ ಕೊರಳು ಮುರಿದಾಗ ಮಾಯಾವಿಯ ಕೊರಳೂ ಮುರಿಯುತ್ತದೆ. ಈ ಕಥೆಯು ಮುಂದೆ ವಿಲಾಯತಿಯ ಮಕ್ಕಳ ಪುಸ್ತಕಗಳನ್ನು ಸೇರಿತು. ಜೇಮ್ಸ್ ಫ್ರೇಜರನ ‘ಗೋಲ್ಡನ್ ಬೌ’ ಎಂಬ ಪಂಡಿತ ಗ್ರಂಥವನ್ನೂ ಸೇರಿತು. ಪುಣೆಯ ಒಬ್ಬ ಆಯಾಳ ಅಜ್ಜಿ ಹೇಳಿದ ಕಥೆ ಜಗತ್ತನ್ನೆಲ್ಲ ಸುತ್ತಿತು.

ಆದರೆ ಅನ್ನಾಳ ವೃತ್ತಾಂತದಲ್ಲಿ ಎರಡು ಮಾತುಗಳು ನಮ್ಮನ್ನು ಯೋಚನೆಗೀಡುಮಾಡಿದುವು. ತಾನು ಚಿಕ್ಕವಳಿದ್ದಾಗ ಮುದುಕರಿಗೆ ಕಥೆ ಹೇಳುವುದೆಂದರೆ ಪ್ರೀತಿ, ಈಗಿನ ಮುದುಕರಿಗೆ ಹಣ ಗಳಿಸುವುದೊಂದೇ ಪ್ರೀತಿ ಎಂದು ಆಕೆ ದುಃಖಿಸಿದ್ದಾಳೆ. ಇದು ನೂರೈವತ್ತು ವರ್ಷಗಳಿಗೂ ಹಿಂದಿನ ದೂರು. ಕಥೆ ಹೇಳುವವರಿಲ್ಲವೆಂಬ ಹಳಹಳಿಕೆಯೂ ಕಥೆಯಷ್ಟೇ ಹಳೆಯದೆಂದು ಇದರಿಂದ ತಿಳಿಯಬೇಕು. ಎರಡನೆಯದು ಇದಕ್ಕಿಂತ ಗಂಭೀರ. ಅಜ್ಜಿಯ ಕಥೆ ಪುಸ್ತಕಕ್ಕೆ ಬಂದಿತು, ಅಜ್ಜಿಯ ನುಡಿ ಬರಲಿಲ್ಲ. ಮೊಮ್ಮಗಳು ಹೇಳಿದುದು ಇಂಗ್ಲಿಷಿನಲ್ಲಿ. ಕಥೆಯು ಬದುಕಿ ಉಳಿಯಿತು. ಅದನ್ನು ಹೇಳಿದ ನಾಲಗೆಯ ಸವಿ ಕಳೆದುಹೋಯಿತು.

ಬದಲಾಗುವುದೇ ಕಥೆಯ ಬಾಳು

ಕಥೆ ಬದಲಾದರೆ ಕೆಡುವುದೆಂದು ಕೆಲವರ ಭಯ. ಈ ಭಯಕ್ಕೆ ಆಧಾರವಿಲ್ಲ. ಜರ್ಮನಿಯ ಗ್ರಿಮ್ ಸೋದರರ ಸಂಗ್ರಹದ ಮೊದಲ ಸಂಪುಟ ೧೮೧೨ರಲ್ಲಿ ಬಂದಿತು. ಅವರ ಕೈಯ ಕೊನೆಯ ಆವೃತ್ತಿ ೧೮೫೭ರದು. ಮೊದಲ ಮುದ್ರಣದಲ್ಲಿ ಹಿಮಬಿಳುಪಿನ ಹುಡುಗಿಯನ್ನು ಕೊಲ್ಲಿಸಲು ಹವಣಿಸುವವಳು ಹೆತ್ತ ತಾಯಿ. ಮುಂದಿನ ಆವೃತ್ತಿಗಳಲ್ಲಿ ಆಕೆ ಮಲತಾಯಿಯಾದಳು. ತಾಯ್ತನದ ಗೌರವಕ್ಕೆ ಕುಂದು ಬರಬಾರದೆಂದು ಸಂಪಾದಕರೇ ಮಾಡಿದ ತಿದ್ದುಪಡಿಯಿದು. ನಾವು ಪುರಾತನವೆಂದು ಭಾವಿಸಿರುವ ಎಷ್ಟೋ ಸಂಗತಿಗಳು ಅಚ್ಚಿನ ಮನೆಯಲ್ಲಿ ಹುಟ್ಟಿದವು.

ಫ್ರಾನ್ಸಿನ ಪೆರೋ ೧೬೯೭ರಲ್ಲಿ ಗಾಜಿನ ಪಾದರಕ್ಷೆ ತೊಡಿಸಿದ ಸಿಂಡ್ರೆಲಾಳನ್ನು ಎಲ್ಲ ಮಕ್ಕಳೂ ಬಲ್ಲರು. ಆಕೆಯ ಅಕ್ಕನೊಬ್ಬಳು ಒಂಬತ್ತನೆಯ ಶತಮಾನದಲ್ಲಿಯೇ ಚೀನದ ಪುಸ್ತಕವೊಂದರಲ್ಲಿ ಬಂಗಾರದ ಪಾದರಕ್ಷೆ ತೊಟ್ಟು ಕಾಣಿಸಿಕೊಂಡಿದ್ದಾಳೆ. ಕನ್ನಡದಲ್ಲಿಯೂ ಆಕೆಗೆ ಒಬ್ಬ ತಂಗಿಯುಂಟು; ಹೆಸರು ಹಂಚಿ. ಈ ಕಥೆಯನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವರು ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಕಾಲದಲ್ಲಿ ಆ ಸೀಮೆಯ ಕಥೆಗಳನ್ನು ಕಲೆಹಾಕಿದ ಇವರು ೧೯೫೮ರಲ್ಲಿ ನಮ್ಮ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಓದಿದವರು. ಅವರು ತೀರಿಕೊಂಡುದು ೧೯೯೩ರಲ್ಲಿ. ಅವರು ಅನುವಾದಿಸಿದ ಕನ್ನಡ ಕಥೆಗಳ ದೊಡ್ಡ ಸಂಗ್ರಹ ೧೯೯೭ರಲ್ಲಿ ಹೊರಬಂದಿತು.

ಹಂಚಿಯು ಹೊನ್ನಿನ ಕೂದಲಿನ ಹುಡುಗಿ. ಒಡಹುಟ್ಟಿದವನೇ ಕೆಟ್ಟ ಆಸೆಗೆ ಬಿದ್ದಾಗ, ತಾಯಿಯು ಹಂಚಿನ ಮುಖವಾಡವೊಂದನ್ನು ಮಾಡಿಸಿ ಮಗಳ ಮುಖಕ್ಕೆ ತೊಡಿಸಿ, ಬುತ್ತಿ ಕಟ್ಟಿ ಕೊಟ್ಟು ಮನೆಯಿಂದ ಕಳುಹಿಸುತ್ತಾಳೆ. ಹುಡುಗಿ ಪರವೂರಿನ ಸಾಹುಕಾರನ ಮನೆಯಲ್ಲಿ ಚಾಕರಿಗೆ ಸೇರುತ್ತಾಳೆ. ಮುಖವಾಡವಿಲ್ಲದಿದ್ದಾಗ ಆಕೆಯನ್ನು ಕಂಡ ಆ ಮನೆಯ ಕಿರಿಯ ಮಗನು ಮದುವೆಯಾಗುತ್ತಾನೆ. ಸಿಂಡ್ರೆಲಾಳ ಕಥೆ ಮದುವೆಗೆ ಮುಗಿಯಿತು. ಹಂಚಿಯ ಕಥೆ ಮುಗಿಯಲಿಲ್ಲ. ಮನೆಗೆ ಬರುವ ಗುರುವೊಬ್ಬನ ಕಣ್ಣು ಆಕೆಯ ಮೇಲೆ ಬೀಳುತ್ತದೆ. ಅಪವಾದ ಹೊತ್ತು ಆಕೆ ಮತ್ತೊಮ್ಮೆ ಮನೆ ಬಿಡಬೇಕಾಗುತ್ತದೆ. ಹೆಂಗಸರು ಹೇಳುವ ಕಥೆಗಳಲ್ಲಿ ಮದುವೆಯು ಸುಖದ ಕೊನೆಯಾಗುವ ಬದಲು ಕಷ್ಟದ ಮೊದಲಾಗುವುದೇ ಹೆಚ್ಚೆಂದು ರಾಮಾನುಜನ್ ತೋರಿಸಿಕೊಟ್ಟರು. ಬುತ್ತಿ ಕಟ್ಟಿಕೊಂಡು, ನಿಜವಾದ ಮುಖವನ್ನು ಮುಚ್ಚಿಕೊಂಡು, ಪರವೂರಿನ ಒಲೆಯ ಮುಂದೆ ನಿಂತು ಬಾಳುವ ಬಗೆ ನಮ್ಮ ಸಮುದಾಯಕ್ಕೆ ಅಪರಿಚಿತವೇ?

ಬದಲಾವಣೆಯು ಕಣ್ಣೆದುರಿಗೇ ನಡೆಯುವುದನ್ನೂ ನಾವು ಕಂಡಿದ್ದೇವೆ. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ರಾತ್ರಿ ಬಾಗಿಲೆಳೆದು, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ, ನೆಲ ತೊಳೆದ ಮೇಲೆ ಹುಡುಗರು ಚಾಪೆ ಹಾಸುವರು. ಕುಂದಾಪುರದ ಕಡೆಯ ಹುಡುಗನೊಬ್ಬನು ಏಳು ಸಮುದ್ರದಾಚೆಯ ಗಿಳಿಯ ಕಥೆಯನ್ನು ಆರಂಭಿಸುವನು. ಬೀದರದ ಕಡೆಯವನು ತಡೆಯುವನು. ಅವನು ಸಮುದ್ರ ನೋಡಿದವನಲ್ಲ. ಅವನ ರಾಕ್ಷಸನ ಪ್ರಾಣವಿರುವುದು ಏಳು ಗುಡ್ಡಗಳಾಚೆ, ಹಾಳುಬಾವಿಯ ದುಂಬಿಯಲ್ಲಿ. ವಾದ ಬಿಸಿಯೇರಿದಾಗ ನಮ್ಮ ಅಡುಗೆ ಭಟ್ಟರು ಮಗ್ಗುಲು ಬದಲಾಯಿಸಿ, “ಇಬ್ಬರು ರಾಕ್ಷಸರಿದ್ದಾರು ಮಾರಾಯ್ರೇ, ಸುಮ್ಮನೆ ಮಲಗಿ, ನಾಲ್ಕಕ್ಕೆ ಒಲೆ ಹಚ್ಚಬೇಕು” ಎನ್ನುವರು. ಅನೇಕ ಪಂಡಿತರ ಗ್ರಂಥಗಳನ್ನು ಓದಿದ ಮೇಲೂ ಭಟ್ಟರ ತೀರ್ಪೇ ಸರಿಯೆಂದು ನಮಗೆ ಕಾಣುತ್ತದೆ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ನೋಡಿರಿ. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕನು ಗುಬ್ಬಕ್ಕನ ಬಾಗಿಲು ತಟ್ಟುವುದು ಕನ್ನಡದಲ್ಲಿಯೂ ಇದೆ, ಮರಾಠಿಯಲ್ಲಿಯೂ ಇದೆ. ಮರಾಠಿಯ 'ಕಾವೂ'ವಿನ ಮನೆ ಸಗಣಿಯದು, 'ಚಿವೂ'ವಿನ ಮನೆ ಮೇಣದ್ದು. ಮಗುವಿಗೆ ನೀರು ಹಾಕುತ್ತಿದ್ದೇನೆ, ತಾಳು ಎಂದು ಒಳಗಿನಿಂದ ಕೇಳಿಬರುವ ಸಬೂಬು ಎರಡು ಭಾಷೆಗಳಲ್ಲಿಯೂ ಒಂದೇ. ಗಡಿಯ ವಿಚಾರದಲ್ಲಿ ಎರಡು ರಾಜ್ಯಗಳು ಎಷ್ಟೇ ವಾದಿಸಲಿ, ಈ ಎರಡು ಹಕ್ಕಿಗಳಿಗೆ ಗಡಿಯಿಲ್ಲ. ಕಾಗಕ್ಕ ಕದ್ದು ಕಟಕಟನೆ ತಿಂದ ಕಡಲೆಯು ಪುಣೆಯ ಕೆಲವು ಮನೆಗಳಲ್ಲಿ ಶೇಂಗಾ ಆಗಿರುವುದನ್ನು ನಾವು ಕೇಳಿದ್ದೇವೆ. ಅದರಿಂದ ಕಥೆಗೆ ನಷ್ಟವೇನೂ ಆಗಿಲ್ಲ.

ನಷ್ಟ ಯಾರಿಗೆ?

ಹಾಗಾದರೆ ಚಿಂತೆಗೆ ಕಾರಣವೇ ಇಲ್ಲವೇ? ಇದೆ. ನಮಗೆ ಪರಿಚಯದ ಮನೆಯೊಂದಕ್ಕೆ ಕಳೆದ ಮಳೆಗಾಲದಲ್ಲಿ ಊರಿನಿಂದ ಅಜ್ಜಿ ಬಂದಿದ್ದರು. ಐದು ವರ್ಷದ ಮೊಮ್ಮಗುವಿಗೆ ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಹಿಂದಿ ಮತ್ತು ಮರಾಠಿ. ಮಗು ತಾನಾಗಿಯೇ ಅಜ್ಜಿಯ ಮಡಿಲೇರಿ ಕಥೆ ಕೇಳಿತು. ಅಜ್ಜಿ ಒಂದು ವಾಕ್ಯ ಹೇಳುವರು, ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸುವಳು. ನಾಲ್ಕನೆಯ ವಾಕ್ಯದ ಹೊತ್ತಿಗೆ ಮಗು ಮಡಿಲಿನಿಂದಿಳಿದು ಫೋನಿನ ಪರದೆಯ ಮುಂದೆ ಕುಳಿತಿತು. “ಕಥೆ ತಣ್ಣಗಾಯಿತು” ಎಂದಷ್ಟೇ ಹೇಳಿ ಅಜ್ಜಿ ಎದ್ದರು. ಅಲ್ಲಿ ಮಗುವಿನ ತಪ್ಪಿರಲಿಲ್ಲ, ಅಜ್ಜಿಯದೂ ಇರಲಿಲ್ಲ. ಒಲೆಯಿಂದ ಎಲೆಗೆ ಬರುವಷ್ಟರಲ್ಲಿ ಅನ್ನ ಆರಿತ್ತು, ಅಷ್ಟೆ.

ಆ ಮಗುವಿಗೆ ರಾಕ್ಷಸನ ಕಥೆ ತಪ್ಪಿಹೋಗುವುದಿಲ್ಲ. ಇಂದಲ್ಲ ನಾಳೆ ಚಲನಚಿತ್ರದಲ್ಲಿಯೋ ಇಂಗ್ಲಿಷ್ ಪುಸ್ತಕದಲ್ಲಿಯೋ ಅದು ದೊರೆತೇ ದೊರೆಯುತ್ತದೆ. ಆರು ಸಾವಿರ ವರ್ಷ ಬಾಳಿದ ಕಥೆಗೆ ಪುಣೆಯ ಕನ್ನಡಿಗರ ಹಂಗಿಲ್ಲ. ಕಥೆಯ ಹಂಗು ಇರುವುದು ನಮಗೆ. ಅಜ್ಜಿಯ ನುಡಿಯನ್ನು ಮಗುವು ತಾನಾಗಿ ಬಯಸಿ ಆಲಿಸುವ ಗಳಿಗೆಯೆಂದರೆ ಮಲಗುವ ಮುನ್ನಿನ ಆ ಗಳಿಗೆಯೊಂದೇ. ನಗರದಲ್ಲಿ ಕನ್ನಡ ಸಂಘವಿದೆ, ಕನ್ನಡ ಮಾಧ್ಯಮದ ಶಾಲೆಯೂ ಇದೆ. ಅವುಗಳ ಸೇವೆ ದೊಡ್ಡದು. ಆದರೆ ಯಾವ ಸಂಘವೂ ಯಾವ ಶಾಲೆಯೂ ರಾತ್ರಿ ಒಂಬತ್ತು ಗಂಟೆಗೆ ನಮ್ಮ ಮನೆಯ ಹಾಸಿಗೆಯ ಬಳಿಗೆ ಬರಲಾರದು.

ರಾಮಾನುಜನ್ ಸಂಗ್ರಹಿಸಿದ ಕಥೆಗಳಲ್ಲಿ ಒಂದುಂಟು. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದುವು. ಆಕೆ ಅವುಗಳನ್ನು ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವೆರಡೂ ಒಂದು ದಿನ ಆಕೆ ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕಥೆಯು ಜೋಡಾಗಿ, ಹಾಡು ಕೋಟಾಗಿ ಮನೆಯ ಹೊರಗೆ ಕುಳಿತುವು. ಯಾರದಿವು ಎಂದು ಗಂಡನು ಸಂಶಯಪಟ್ಟು, ಜಗಳವಾಗಿ, ಹನುಮಂತನ ಗುಡಿಯಲ್ಲಿ ಹೋಗಿ ಮಲಗಿದನು. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ವಾಲೆಗಳು ರಾತ್ರಿ ಅಲ್ಲಿ ಸೇರಿ ಮಾತಾಡಿಕೊಂಡಾಗ ಅವನಿಗೆ ನಿಜ ತಿಳಿಯಿತು. ಮರಳಿ ಬಂದು ಹೆಂಡತಿಯನ್ನು ಆ ಕಥೆಯ ವಿಚಾರವಾಗಿ ಕೇಳಿದರೆ, “ಯಾವ ಕಥೆ? ಯಾವ ಹಾಡು?” ಎಂದಳು. ಆಕೆಗೆ ಮರೆತೇ ಹೋಗಿತ್ತು. ಜ್ವಾಲೆಗಳ ಆ ಸಭೆಯನ್ನೂ ಹೇಳದೆ ಉಳಿದ ಕಥೆಯನ್ನೂ ಗಿರೀಶ ಕಾರ್ನಾಡರು ೧೯೮೮ರ ‘ನಾಗಮಂಡಲ’ ನಾಟಕದಲ್ಲಿ ಬಳಸಿಕೊಂಡುದು ಹಲವು ವಾಚಕರಿಗೆ ತಿಳಿದಿರಬಹುದು.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಸರಿಯಾದ ಪಾಠ ಯಾವುದೆಂದು ಹುಡುಕುತ್ತ ಕೂರುವುದು ಬೇಡ, ಅಂಥದೊಂದು ಇಲ್ಲ. ಅರ್ಧ ಮರೆತಿದ್ದರೆ ಉಳಿದರ್ಧವನ್ನು ಕಟ್ಟಿರಿ. ನಮ್ಮ ಅಜ್ಜಿಯರೂ ಹಾಗೆಯೇ ಮಾಡಿದರು. ರಾಕ್ಷಸನನ್ನು ಮುಳಾ ಮುಠಾ ನದಿಗಳಾಚೆ ಇರಿಸಿದರೂ ಬಾಧಕವಿಲ್ಲ, ಸಿಂಹಗಡದ ಗುಹೆಗೆ ಕಳುಹಿಸಿದರೂ ಬಾಧಕವಿಲ್ಲ. ರಾಜಕುಮಾರನ ಬದಲು ರಾಜಕುಮಾರಿಯೇ ಗಿಳಿಯನ್ನು ಹುಡುಕಿ ಹೊರಡಲಿ. ಮನೆಯ ಮಾತು ಕನ್ನಡವಾಗಿರಲಿ, ತುಳುವಾಗಿರಲಿ, ಕೊಂಕಣಿಯಾಗಿರಲಿ, ಹೇಳುವುದು ಮಾತ್ರ ಆ ಮಾತಿನಲ್ಲಿಯೇ ಆಗಲಿ; ನಡುವೆ ದುಭಾಷಿ ಬೇಡ. ಮೊದಲ ರಾತ್ರಿ ಮಗುವಿಗೆ ಕಾಲುಭಾಗ ಅರ್ಥವಾದರೆ ಸಾಕು, ಮುಂದಿನ ರಾತ್ರಿ ಅರ್ಧವಾದೀತು. ಊರಿಂದೂರಿಗೆ ಬಂದವರಿಗೆ ಬಿಸಿಯಾಗಿ ಬಡಿಸುವುದನ್ನೇ ಕಸುಬಾಗಿಸಿಕೊಂಡು ಈ ನಗರದಲ್ಲಿ ನೆಲೆನಿಂತವರು ನಾವು. ನಮ್ಮ ಮಕ್ಕಳಿಗೆ ಮಾತ್ರ ಆರಿದ ಅನ್ನವನ್ನೇಕೆ ಇಡಬೇಕು?